ಕಣಜವೂ ಗಣಿಯೂ

ಲೆಕ್ಕ ಬರೆಯುವ ವಿದ್ಯೆಗೆ ಒಂದು ಅಪವಾದ ಬಹುಕಾಲದಿಂದ ಅಂಟಿಕೊಂಡಿದೆ. ಅದು ನೀರಸವಾದದ್ದು, ಕಲ್ಪನೆಗೆ ಅಲ್ಲಿ ಎಡೆಯಿಲ್ಲ ಎಂದು ಸಾಹಿತ್ಯಾಸಕ್ತರು ಭಾವಿಸುತ್ತಾರೆ. ಜಮೆ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಎರಡೂ ಸರಿದೂಗಿದರೆ ಗುಮಾಸ್ತನು ಪುಸ್ತಕ ಮುಚ್ಚಿ ಮನೆಗೆ ಹೋಗಬಹುದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಲೆಕ್ಕದ ಪುಸ್ತಕವೂ ಒಂದು ಬಗೆಯ ಕಥನವೇ ಅಲ್ಲವೆ? ಯಾರು, ಯಾರಿಗೆ, ಏನನ್ನು, ಎಂದು, ಎಷ್ಟಕ್ಕೆ ಕೊಟ್ಟರು ಎಂಬುದನ್ನು ಅದು ಹೇಳುತ್ತದೆ. ಈ ಕಥನವನ್ನು ಕೂಡಿಡುವ ಕ್ರಮವೂ ಓದುವ ಕ್ರಮವೂ ಕಳೆದ ಮೂರು ನಾಲ್ಕು ದಶಕಗಳಲ್ಲಿ ಬಹಳ ಬದಲಾಗಿವೆ. ಆ ಬದಲಾವಣೆಯ ಹಿಂದಿರುವ ಎರಡು ವಿಷಯಗಳು ಡೇಟಾ ವೇರ್‌ಹೌಸಿಂಗ್ ಮತ್ತು ಡೇಟಾ ಮೈನಿಂಗ್. ಇವನ್ನು ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಏಕೆ ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದೇ ಈ ಹೊತ್ತಿನ ವಿಚಾರ.

ಹೆಸರು ಕೇಳಿ ಅಂಜಬೇಕಾಗಿಲ್ಲ. ಮೊದಲನೆಯದು ದತ್ತಾಂಶದ ಕಣಜ. ಎರಡನೆಯದು ದತ್ತಾಂಶದ ಗಣಿಗಾರಿಕೆ. ಒಂದು ಕೂಡಿಡುವ ಕೆಲಸ, ಇನ್ನೊಂದು ಅಗೆದು ತೆಗೆಯುವ ಕೆಲಸ. ಇವು ಗಣಕಯಂತ್ರದವರ ವಿದ್ಯೆ, ತಮಗೆ ಹೊರಗಿನದು ಎಂದು ವಾಣಿಜ್ಯದ ವಿದ್ಯಾರ್ಥಿಗಳು ತಿಳಿಯುವುದುಂಟು. ಪರೀಕ್ಷೆಗೆ ನಾಲ್ಕು ವ್ಯಾಖ್ಯೆಗಳನ್ನು ಉರುಹೊಡೆದು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅಧ್ಯಾಪಕನು ಮೊದಲು ನಿವಾರಿಸಬೇಕಾದದ್ದು ಈ ಪರಕೀಯ ಭಾವನೆಯನ್ನು. ಏಕೆಂದರೆ ಈ ವಿದ್ಯೆಯ ಒಂದು ಬೇರು ಲೆಕ್ಕಶಾಸ್ತ್ರದಲ್ಲಿಯೇ ಇದೆ.

1494ರಲ್ಲಿ ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ ವೆನಿಸ್ ನಗರದಲ್ಲಿ ಗಣಿತದ ಒಂದು ಬೃಹದ್ಗ್ರಂಥವನ್ನು ಅಚ್ಚು ಹಾಕಿಸಿದನು. ಅಲ್ಲಿಯ ವರ್ತಕರು ಅನುಸರಿಸುತ್ತಿದ್ದ ಜೋಡಿ ನಮೂದಿನ ಪದ್ಧತಿಯನ್ನು ಅದರ ಒಂದು ಭಾಗದಲ್ಲಿ ವಿವರಿಸಿದನು. ವರ್ತಕನಿಗೆ ಮೂರು ಪುಸ್ತಕಗಳು ಬೇಕೆಂದು ಅವನು ಹೇಳುತ್ತಾನೆ. ಮೊದಲನೆಯದು ಜ್ಞಾಪಕದ ಪುಸ್ತಕ. ಅಂದಂದಿನ ವ್ಯವಹಾರವನ್ನು ಯಜಮಾನನಾಗಲಿ, ಗುಮಾಸ್ತನಾಗಲಿ, ಬರಹ ಬಲ್ಲ ಮನೆಯ ಹೆಂಗಸರಾಗಲಿ ಸಕಲ ವಿವರಗಳೊಡನೆ, ಸಿಕ್ಕ ನಾಣ್ಯದ ಹೆಸರಿನಲ್ಲಿಯೇ ಅದರಲ್ಲಿ ಬರೆದಿಡಬೇಕು. ಎರಡನೆಯದು ಕಿರ್ದಿ, ಮೂರನೆಯದು ಖಾತೆ ಪುಸ್ತಕ. ಖಾತೆಗೆ ಬರುವ ಹೊತ್ತಿಗೆ ಎಲ್ಲವನ್ನೂ ಒಂದೇ ನಾಣ್ಯಕ್ಕೆ ತಂದಿರಬೇಕು.

ಈ ಪಯಣದಲ್ಲಿ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಏನೋ ಒಂದು ಉದುರಿಹೋಗುತ್ತದೆ. ಖಾತೆಯಲ್ಲಿ ಮೊತ್ತ ಉಳಿಯುತ್ತದೆ. ಮೊತ್ತದ ಹಿಂದಿನ ಸಂದರ್ಭ ಉಳಿಯುವುದಿಲ್ಲ. ಅಢಾವೆ ಪತ್ರಿಕೆಗೆ ಬರುವಾಗ ಸಾವಿರಾರು ಗಿರಾಕಿಗಳು ಕೂಡಿ ‘ಬರತಕ್ಕ ಬಾಕಿ’ ಎಂಬ ಒಂದೇ ಸಾಲಾಗುತ್ತಾರೆ. ಕಾಗದದ ಕಾಲದಲ್ಲಿ ಇದು ಅನಿವಾರ್ಯವಾಗಿತ್ತು. ಲಕ್ಷ ನಮೂದುಗಳನ್ನು ಮನುಷ್ಯನ ಕಣ್ಣು ಒಟ್ಟಿಗೆ ಓದಲಾರದು. ಆದರೆ 1969ರಲ್ಲಿಯೇ ಜಾರ್ಜ್ ಸಾರ್ಟರ್ ಎಂಬ ಅಮೆರಿಕದ ಲೆಕ್ಕಶಾಸ್ತ್ರಜ್ಞರು ಒಂದು ಪ್ರಶ್ನೆ ಎತ್ತಿದರು. ಓದುವವನಿಗೆ ಏನು ಬೇಕೆಂದು ತಿಳಿಯದೆ ಲೆಕ್ಕಿಗನು ಎಲ್ಲವನ್ನೂ ಕೂಡಿಸಿ ಕೊಡುವುದೇಕೆ? ಘಟನೆಗಳನ್ನು ಹಾಗೆಯೇ ಉಳಿಸಿಟ್ಟರೆ, ಅವರವರು ತಮ್ಮ ಅಗತ್ಯಕ್ಕೆ ತಕ್ಕಂತೆ ಕೂಡಿಸಿಕೊಳ್ಳಬಹುದಲ್ಲವೆ? ಮರುವರ್ಷ, 1970ರಲ್ಲಿ, ಎಡ್ಗರ್ ಕಾಡ್ ದತ್ತಾಂಶವನ್ನು ಒಂದಕ್ಕೊಂದು ಸಂಬಂಧವಿರುವ ಕೋಷ್ಟಕಗಳಲ್ಲಿ ಇರಿಸುವ ಸಿದ್ಧಾಂತವನ್ನು ಪ್ರಕಟಿಸಿದರು. 1982ರಲ್ಲಿ ವಿಲಿಯಂ ಮೆಕಾರ್ಥಿ ಈ ಎರಡು ಧಾರೆಗಳನ್ನು ಸೇರಿಸಿ, ಲೆಕ್ಕವನ್ನು ಸಂಪನ್ಮೂಲ, ಘಟನೆ, ವ್ಯಕ್ತಿ ಎಂಬ ಮೂರರ ನೆಲೆಯಲ್ಲಿ ದಾಖಲಿಸುವ ಮಾದರಿಯನ್ನು ಮುಂದಿಟ್ಟರು. ಪಾಚೋಲಿಯ ಜ್ಞಾಪಕದ ಪುಸ್ತಕ ಮತ್ತೆ ಬದುಕಿಬಂದಿತು ಎಂದರೆ ತಪ್ಪಾಗಲಾರದು. ಇಷ್ಟನ್ನು ಹೇಳಿದರೆ ಸಾಕು, ವಿದ್ಯಾರ್ಥಿಯು ಹೊಸ ವಿದ್ಯೆಯ ಮನೆಗೆ ಅತಿಥಿಯಾಗಿ ಅಲ್ಲ, ಪಾಲುದಾರನಾಗಿ ಪ್ರವೇಶಿಸುತ್ತಾನೆ.

ಇನ್ನು ಕಣಜದ ಮಾತು. ರೈತನು ಕೊಯ್ದ ಬೆಳೆಯನ್ನು ನೇರವಾಗಿ ಕಣಜಕ್ಕೆ ಸುರಿಯುವುದಿಲ್ಲ. ಕಣದಲ್ಲಿ ಒಕ್ಕಿ, ಗಾಳಿಗೆ ತೂರಿ, ಕಲ್ಲು ಹೊಟ್ಟುಗಳನ್ನು ಬೇರ್ಪಡಿಸಿ, ಒಣಗಿಸಿ ಆಮೇಲೆ ತುಂಬುತ್ತಾನೆ. ದತ್ತಾಂಶಕ್ಕೂ ಇದೇ ಸಂಸ್ಕಾರ ಬೇಕು. ಒಂದು ವ್ಯಾಪಾರ ಸಂಸ್ಥೆಗೆ ಐದು ಊರುಗಳಲ್ಲಿ ಅಂಗಡಿಗಳಿವೆ ಎನ್ನೋಣ. ಒಬ್ಬನೇ ಗಿರಾಕಿಯ ಹೆಸರು ಒಂದೊಂದು ಕಡೆ ಒಂದೊಂದು ರೀತಿ ಬರೆದಿದೆ. ಒಂದು ಅಂಗಡಿ ತೆರಿಗೆ ಸೇರಿಸಿ ಬೆಲೆ ನಮೂದಿಸುತ್ತದೆ, ಇನ್ನೊಂದು ಸೇರಿಸದೆ. ಒಂದು ಕಡೆ ತಾರೀಖು ಮೊದಲು, ತಿಂಗಳು ಆಮೇಲೆ. ಮತ್ತೊಂದು ಕಡೆ ತಿರುವುಮುರುವು. ಇವನ್ನೆಲ್ಲ ಒಂದು ಹದಕ್ಕೆ ತಂದ ಮೇಲೆಯೇ ಕಣಜ ತುಂಬಬೇಕು. ವಿಲಿಯಂ ಇನ್ಮನ್ 1992ರ ತಮ್ಮ ಪುಸ್ತಕದಲ್ಲಿ ಇಂಥ ಕಣಜಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಅದು ವಿಷಯಾನುಸಾರವಾಗಿ ಜೋಡಿಸಿದ್ದಾಗಿರಬೇಕು, ಬೇರೆ ಬೇರೆ ಮೂಲಗಳನ್ನು ಏಕರೂಪಕ್ಕೆ ತಂದದ್ದಾಗಿರಬೇಕು, ಕಾಲದ ಗುರುತನ್ನು ಹೊತ್ತಿರಬೇಕು, ಒಮ್ಮೆ ಸೇರಿದ್ದು ಅಳಿಯದಂತಿರಬೇಕು.

ಕೊನೆಯ ಲಕ್ಷಣವನ್ನು ಕನ್ನಡದ ವಿದ್ಯಾರ್ಥಿಗೆ ಮನದಟ್ಟು ಮಾಡಿಸಲು ಒಂದು ಹಳೆಯ ಮಾತು ನೆರವಾಗುತ್ತದೆ. ಇಂದು ಕಚೇರಿಯ ಫೈಲಿಗೆ ನಾವು ಕಡತವೆನ್ನುತ್ತೇವೆ. ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದದ್ದು ಅದರ ಅನುಕೂಲ. ಅದೇ ಅದರ ಅಪಾಯವೂ ಹೌದು. ಕಣಜದಲ್ಲಿ ಹಾಗಿಲ್ಲ. ತಪ್ಪಿದ್ದರೆ ತಿದ್ದುಪಡಿಯ ಹೊಸ ನಮೂದು ಬರಬೇಕು, ಹಳೆಯದು ಅಲ್ಲಿಯೇ ಇರಬೇಕು. ನಮ್ಮ ದೇಶದ ಕಂಪನಿಗಳು ಲೆಕ್ಕಕ್ಕೆ ಬಳಸುವ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಹಿಂದಿರುವುದೂ ಇದೇ ವಿವೇಕ.

ತರಗತಿಯಲ್ಲಿ ಯಂತ್ರವನ್ನು ಮುಟ್ಟುವ ಮೊದಲು ಕಾಗದ ಪೆನ್ಸಿಲಿನಿಂದ ಮಾಡಿಸಬೇಕಾದ ಒಂದು ಅಭ್ಯಾಸವಿದೆ. ಕೆಲವು ಬಿಲ್ಲುಗಳನ್ನು ಕೊಟ್ಟು, ಕಣಜದ ಒಂದು ಸಾಲು ಯಾವುದನ್ನು ಪ್ರತಿನಿಧಿಸಬೇಕು ಎಂದು ಕೇಳಬೇಕು. ಇಡೀ ಬಿಲ್ಲನ್ನೋ, ಬಿಲ್ಲಿನಲ್ಲಿರುವ ಒಂದೊಂದು ಸರಕನ್ನೋ? 1996ರಲ್ಲಿ ಈ ವಿಷಯದ ಬಗ್ಗೆ ಪ್ರಸಿದ್ಧ ಗ್ರಂಥ ಬರೆದ ರಾಲ್ಫ್ ಕಿಂಬಲ್ ಇದಕ್ಕೆ ಇಟ್ಟಿರುವ ಹೆಸರನ್ನು ಕನ್ನಡಿಸಿದರೆ ‘ಕಾಳು’ ಎಂದಾಗುತ್ತದೆ. ಕಾಳು ಬಿಲ್ಲಿನಷ್ಟು ದೊಡ್ಡದಾದರೆ, ಯಾವ ಸರಕಿನ ಜೊತೆಗೆ ಯಾವುದು ಮಾರಾಟವಾಯಿತು ಎಂಬ ಪ್ರಶ್ನೆಗೆ ಮುಂದೆಂದೂ ಉತ್ತರ ದೊರೆಯದು. ಕಾಳು ನಿಶ್ಚಯವಾದ ಮೇಲೆ, ಮಧ್ಯದಲ್ಲಿ ಮಾರಾಟದ ಮೊತ್ತವನ್ನಿಟ್ಟು ಸುತ್ತಲೂ ದಿನ, ಅಂಗಡಿ, ಸರಕು, ಗಿರಾಕಿ ಎಂಬ ನಾಲ್ಕು ಪಟ್ಟಿಗಳನ್ನು ಬರೆಯಿಸಬೇಕು. ಚಿತ್ರ ನಕ್ಷತ್ರದಂತೆ ಕಾಣುವುದರಿಂದ ಇದಕ್ಕೆ ನಕ್ಷತ್ರ ವಿನ್ಯಾಸವೆಂದೇ ಹೆಸರು.

ಆಮೇಲೆ ಒಂದು ತೊಡಕಿನ ಪ್ರಶ್ನೆ. ಮೈಸೂರಿನ ಗಿರಾಕಿಯೊಬ್ಬರು ಹುಬ್ಬಳ್ಳಿಗೆ ಮನೆ ಬದಲಾಯಿಸಿದರು. ಪಟ್ಟಿಯಲ್ಲಿ ಮೈಸೂರನ್ನು ಅಳಿಸಿ ಹುಬ್ಬಳ್ಳಿ ಎಂದು ಬರೆದರೇನಾಗುತ್ತದೆ? ಗಿರಾಕಿಯ ಊರಿನ ಪ್ರಕಾರ ಮಾಡಿದ ಹೋದ ವರ್ಷದ ಲೆಕ್ಕದಲ್ಲಿ ಮೈಸೂರಿನ ಮಾರಾಟವೂ ಹುಬ್ಬಳ್ಳಿಗೆ ವರ್ಗವಾಗಿಬಿಡುತ್ತದೆ! ವರ್ತಮಾನವನ್ನು ತಿದ್ದಲು ಹೋಗಿ ಚರಿತ್ರೆಯನ್ನು ಕೆಡಿಸಿದಂತಾಯಿತು. ಇದನ್ನು ತಾವೇ ಕಂಡುಕೊಂಡ ವಿದ್ಯಾರ್ಥಿಗಳು ಕಾಲದ ಗುರುತು ಏಕೆ ಬೇಕೆಂಬುದನ್ನು ಮರೆಯಲಾರರು.

ಕಣಜದಿಂದ ಗಣಿಗೆ ಬರೋಣ. ಒಂದು ಟನ್ ಚಿನ್ನದ ಅದಿರಿನಲ್ಲಿ ದೊರೆಯುವ ಚಿನ್ನ ಕೆಲವೇ ಗ್ರಾಂ ಎಂಬುದನ್ನು ಕೋಲಾರ, ಹಟ್ಟಿಗಳನ್ನು ಬಲ್ಲ ನಮಗೆ ಹೇಳಬೇಕಾಗಿಲ್ಲ. ದತ್ತಾಂಶದ ಗಣಿಯಲ್ಲಿಯೂ ಹಾಗೆಯೇ. ಅಪಾರ ರಾಶಿಯನ್ನು ಶೋಧಿಸಿ ಅರ್ಥವುಳ್ಳ ಕೆಲವು ಎಳೆಗಳನ್ನು ತೆಗೆಯಬೇಕು. 1993ರಲ್ಲಿ ರಾಕೇಶ್ ಅಗರ್ವಾಲ್ ಮತ್ತು ಸಂಗಡಿಗರು, ಗಿರಾಕಿಗಳು ಯಾವ ಯಾವ ಸರಕುಗಳನ್ನು ಜೊತೆಯಾಗಿ ಕೊಳ್ಳುತ್ತಾರೆ ಎಂಬುದನ್ನು ಬೃಹತ್ ದಾಖಲೆಗಳಿಂದ ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದರು. ವ್ಯಾಪಾರಿಗೆ ಅದು ಲಾಭದ ಮಾತು. ಲೆಕ್ಕ ಪರಿಶೋಧಕನು ಹುಡುಕುವ ಎಳೆಗಳು ಬೇರೆ: ಒಂದೇ ಬಿಲ್ಲಿಗೆ ಎರಡು ಸಲ ಪಾವತಿಯಾಗಿದೆಯೆ? ಮೇಲಧಿಕಾರಿಯ ಮಂಜೂರಾತಿ ಬೇಕಾದ ಮಿತಿಗೆ ತುಸುವೇ ಕೆಳಗೆ ನಿಲ್ಲುವ ಮೊತ್ತಗಳು ಪದೇ ಪದೇ ಬರುತ್ತಿವೆಯೆ? ಸರಕು ಪೂರೈಸುವವನ ಬ್ಯಾಂಕ್ ಖಾತೆಯೂ ಸಂಸ್ಥೆಯ ನೌಕರನೊಬ್ಬನ ಖಾತೆಯೂ ಒಂದೆಯೆ?

ವಿದ್ಯಾರ್ಥಿಗಳ ಮುಖ ಅರಳಿಸುವ ಇನ್ನೊಂದು ಶೋಧವಿದೆ. 1881ರಲ್ಲಿ ಸೈಮನ್ ನ್ಯೂಕಾಂಬ್ ಎಂಬ ಖಗೋಳಜ್ಞರು, ಲಾಗರಿದಂ ಪುಸ್ತಕಗಳ ಮೊದಮೊದಲ ಪುಟಗಳೇ ಹೆಚ್ಚು ಸವೆದಿರುವುದನ್ನು ಗಮನಿಸಿದರು. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ 20,000ಕ್ಕೂ ಹೆಚ್ಚು ಸಂಖ್ಯೆಗಳನ್ನು ಪರೀಕ್ಷಿಸಿ ಅದನ್ನು ಒಂದು ನಿಯಮವಾಗಿ ನಿರೂಪಿಸಿದರು. ಸಹಜವಾಗಿ ಹುಟ್ಟಿದ ಅನೇಕ ಸಂಖ್ಯಾರಾಶಿಗಳಲ್ಲಿ 1ರಿಂದ ಆರಂಭವಾಗುವ ಸಂಖ್ಯೆಗಳು ನೂರಕ್ಕೆ ಸುಮಾರು 30. 9ರಿಂದ ಆರಂಭವಾಗುವವು ಐದಕ್ಕೂ ಕಡಿಮೆ. ಕುಳಿತು ಕಲ್ಪಿಸಿದ ಸುಳ್ಳು ಮೊತ್ತಗಳು ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸುವುದಿಲ್ಲ. 1990ರ ದಶಕದಲ್ಲಿ ಮಾರ್ಕ್ ನಿಗ್ರಿನಿ ಇದನ್ನು ತೆರಿಗೆ ಮತ್ತು ಲೆಕ್ಕ ಪರಿಶೋಧನೆಗೆ ಅಳವಡಿಸಿದರು. ಆದರೆ ನಿಯಮದ ಮೇರೆಯನ್ನೂ ಕಲಿಸಬೇಕು. ಬಸ್ಸಿನ ಟಿಕೆಟ್ ದರ, ದೂರವಾಣಿ ಸಂಖ್ಯೆ ಇವು ಮನುಷ್ಯರು ನಿಗದಿ ಮಾಡಿದವು. ಅವುಗಳಿಗೆ ಈ ನಿಯಮ ಹೊಂದದು.

ಈ ವಿದ್ಯೆ ಎಂಥ ಸಂದರ್ಭದಲ್ಲಿ ಒದಗಿತು ಎಂಬುದಕ್ಕೆ ಅಮೆರಿಕದ ವರ್ಲ್ಡ್‌ಕಾಂ ಎಂಬ ದೂರಸಂಪರ್ಕ ಸಂಸ್ಥೆಯ ಕಥೆ ಸಾಕ್ಷಿ. ಬೇರೆ ಕಂಪನಿಗಳ ತಂತಿಮಾರ್ಗ ಬಳಸಿದ್ದಕ್ಕೆ ತೆತ್ತ ಹಣ ದಿನನಿತ್ಯದ ಖರ್ಚು. ಅದನ್ನು ಆಸ್ತಿಯೆಂದು ಬರೆದು ಲಾಭವನ್ನು ಉಬ್ಬಿಸಿದ್ದರು. 2002ರಲ್ಲಿ ಅಲ್ಲಿಯ ಆಂತರಿಕ ಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ಸಹೋದ್ಯೋಗಿಗಳು, ದತ್ತಾಂಶವನ್ನು ಹಲವು ಮುಖಗಳಿಂದ ಬಿಡಿಸಿ ನೋಡುವ ತಂತ್ರಾಂಶವನ್ನು ಬಳಸಿ, ಮೊತ್ತದಿಂದ ಬಿಡಿ ನಮೂದಿಗೆ ಇಳಿಯುತ್ತ ಹೋದರು. ಆಧಾರಪತ್ರವಿಲ್ಲದ 50 ಕೋಟಿ ಡಾಲರಿನ ಒಂದು ನಮೂದು ಕಣ್ಣಿಗೆ ಬಿತ್ತು. ಆ ಜೂನ್ 25ರಂದು ಕಂಪನಿ ಒಪ್ಪಿಕೊಂಡ ಮೊತ್ತ 380 ಕೋಟಿ ಡಾಲರು. ಕಡೆಗೆ ತಿಳಿದದ್ದು ಅದಕ್ಕಿಂತಲೂ ಬಹಳ ದೊಡ್ಡದು. ಪಾಚೋಲಿಯ ಪುಸ್ತಕಗಳ ಮೆಟ್ಟಿಲನ್ನು ಅವರು ಹಿಮ್ಮುಖವಾಗಿ ಇಳಿದಿದ್ದರು, ಅಷ್ಟೆ.

ಹಾಗೆಂದು ಯಂತ್ರವು ಎಲ್ಲವನ್ನೂ ಹಿಡಿಯುತ್ತದೆಂದು ನಂಬಿಸಬಾರದು. 2009ರ ಜನವರಿ 7ರಂದು ಸತ್ಯಂ ಸಂಸ್ಥೆಯ ಅಧ್ಯಕ್ಷರು ತಮ್ಮ ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದರು. ತನಿಖೆಯಲ್ಲಿ 7,000ಕ್ಕೂ ಮಿಕ್ಕಿ ಸುಳ್ಳು ಬಿಲ್ಲುಗಳು ಹೊರಬಂದವು. ಅಲ್ಲಿಯೂ ಜಮೆ ಖರ್ಚುಗಳು ತಾಳೆಯಾಗುತ್ತಿದ್ದವು. ಸುಳ್ಳಿಗೂ ಜೋಡಿ ನಮೂದು ಸಾಧ್ಯ. ಕಣಜಕ್ಕೆ ಜೊಳ್ಳು ತುಂಬಿದ್ದರೆ, ಅದನ್ನು ಹೊರಗಿನ ಅಳತೆಗೆ ಹಿಡಿದು ನೋಡಬೇಕು. ಬ್ಯಾಂಕೇ ನೇರವಾಗಿ ಕೊಟ್ಟ ಪತ್ರ, ಗಿರಾಕಿಯೇ ಬರೆದ ಉತ್ತರ, ಇವೇ ಆ ಅಳತೆ. 2017ರ ಜುಲೈ 1ರಿಂದ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಮಾರಿದವನ ಹೇಳಿಕೆಯನ್ನು ಕೊಂಡವನ ಲೆಕ್ಕದೊಡನೆ ತಾಳೆ ನೋಡುವ ವ್ಯವಸ್ಥೆ ಇರುವುದೂ ಇದಕ್ಕಾಗಿಯೇ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪಾಠವಿದೆ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. 10,000 ಬಿಲ್ಲುಗಳಲ್ಲಿ 20 ಮಾತ್ರ ಸುಳ್ಳು ಎಂದು ಇಟ್ಟುಕೊಳ್ಳಿ. ನಮ್ಮ ಶೋಧಕ್ರಮ ನೂರರಲ್ಲಿ 90 ಸುಳ್ಳನ್ನು ಹಿಡಿಯುತ್ತದೆ. ನಿಜವಾದ ಬಿಲ್ಲುಗಳಲ್ಲಿ ನೂರಕ್ಕೆ ಎರಡನ್ನು ಮಾತ್ರ ತಪ್ಪಾಗಿ ಶಂಕಿಸುತ್ತದೆ. ಬಹಳ ಒಳ್ಳೆಯ ಶೋಧಕ್ರಮವೆಂದೇ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಹಿಡಿದ ಸುಳ್ಳು 18; ಸುಮ್ಮನೆ ಶಂಕೆಗೊಳಗಾದ ನಿಜ ಬಿಲ್ಲುಗಳು ಸುಮಾರು 200. ಬೆರಳು ತೋರಿಸಿದ ಹನ್ನೆರಡು ಬಿಲ್ಲುಗಳಲ್ಲಿ ಒಂದು ಮಾತ್ರ ದೋಷಿ, ಹನ್ನೊಂದು ನಿರ್ದೋಷಿ! ಪ್ರತಿಯೊಂದು ಬಿಲ್ಲಿನ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ: ಸಹಿ ಮಾಡಿದ ಗುಮಾಸ್ತ, ಸರಕು ಕಳಿಸಿದ ಸಣ್ಣ ವ್ಯಾಪಾರಿ. ಯಂತ್ರ ಕೊಟ್ಟ ಪಟ್ಟಿಯನ್ನು ಅಪರಾಧಿಗಳ ಪಟ್ಟಿಯೆಂದು ಓದಿದರೆ, ಒಬ್ಬ ಕಳ್ಳನೊಂದಿಗೆ ಹನ್ನೊಂದು ಮಂದಿಯ ಮಾನವೂ ಹೋಗುತ್ತದೆ. ಅವರ ಕೆಲಸವೂ ಹೋಗಬಹುದು, ಬರಬೇಕಾದ ಹಣವೂ ನಿಂತುಹೋಗಬಹುದು.

ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನೇ ಮುಖ್ಯವಾಗಿ ಕಲಿಸಬೇಕೆಂದು ನನಗೆ ಅನ್ನಿಸುವುದು ಈ ಕಾರಣಕ್ಕಾಗಿ. ಶೋಧಿಸುವ ಸೂತ್ರಗಳನ್ನು ಗಣಿತ ಬಲ್ಲವರು ನಮಗಿಂತ ಚೆನ್ನಾಗಿ ರಚಿಸುತ್ತಾರೆ; ಕೂಡುವ ಕಳೆಯುವ ಕೆಲಸವನ್ನು ಯಂತ್ರ ನಮಗಿಂತ ಬೇಗ ಮಾಡುತ್ತದೆ. ಆದರೆ ಮಾರ್ಚ್ ಕೊನೆಯ ವಾರ ಬಿಲ್ಲುಗಳ ರಾಶಿ ಏಕೆ ಏರುತ್ತದೆ, ಹಬ್ಬದ ಮುಂಚೆ ಒಂದೇ ಮೊತ್ತದ ಪಾವತಿಗಳು ಏಕೆ ಸಾಲಾಗಿ ಬರುತ್ತವೆ ಎಂಬುದು ವ್ಯವಹಾರ ಬಲ್ಲವನಿಗೆ ಮಾತ್ರ ಗೊತ್ತು. ಪಟ್ಟಿಯಲ್ಲಿ ಹೆಸರು ಕಂಡಾಗ ಮೂಲ ಕಾಗದವನ್ನು ತರಿಸಿ ನೋಡುವುದು, ಸಂಬಂಧಪಟ್ಟವರನ್ನು ಗೌರವದಿಂದ ಕೇಳುವುದು, ಅವರ ಉತ್ತರವನ್ನು ಬರೆದುಕೊಳ್ಳುವುದು, ವರದಿ ಆಮೇಲೆ ಬರೆಯುವುದು—ಇಷ್ಟು ಶಿಸ್ತನ್ನು ತರಗತಿಯಲ್ಲಿಯೇ ರೂಢಿ ಮಾಡಿಸಬೇಕು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ವ್ಯಾಖ್ಯೆಗಳ ಜೊತೆಗೆ ಒಂದು ಶಂಕಿತ ಪಟ್ಟಿಯನ್ನು ಕೊಟ್ಟು, ‘ಮೊದಲು ಯಾರನ್ನು, ಏನೆಂದು ಕೇಳುವಿರಿ?’ ಎಂಬ ಒಂದು ಪ್ರಶ್ನೆಯನ್ನು ಸೇರಿಸಿದರೆ, ಈ ವಿದ್ಯೆ ನಮ್ಮ ಹುಡುಗರಿಗೂ ಹುಡುಗಿಯರಿಗೂ ನಿಜವಾಗಿ ಒಲಿದೀತು.