ಒಂಬತ್ತು ಪಾಠ, ಒಂಬತ್ತು ದನಿ



ಡಿಸೆಂಬರ್ ಬಂತೆಂದರೆ ಮಂಗಳೂರು, ಧಾರವಾಡ, ಬೆಂಗಳೂರುಗಳ ಚರ್ಚುಗಳಲ್ಲಿ ಕ್ಯಾರಲ್ ಆರಾಧನೆಯ ತಯಾರಿ ಶುರುವಾಗುತ್ತದೆ. ಒಂದು ವಾಚನ, ಒಂದು ಹಾಡು. ಮತ್ತೆ ವಾಚನ, ಮತ್ತೆ ಹಾಡು. ಇದು ಅಪೊಸ್ತಲರ ಕಾಲದಿಂದಲೇ ನಡೆದುಬಂದದ್ದೆಂದು ನಂಬಿದವರುಂಟು. ಹಾಗೇನಿಲ್ಲ. ಇದರ ವಯಸ್ಸು ಒಂದೂವರೆ ಶತಮಾನವೂ ಆಗಿಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಟ್ರೂರೋ ಎಂಬ ಊರಿದೆ. ಅಲ್ಲಿಯ ಗಾಯಕರು ಕ್ರಿಸ್‌ಮಸ್ ಮುನ್ನಾರಾತ್ರಿ ಮನೆಮನೆಗೆ ಹೋಗಿ ಹಾಡುತ್ತಿದ್ದರು. 1878ರಲ್ಲಿ ಆ ಹಾಡುಗಳನ್ನು ಚರ್ಚಿನೊಳಗೇ ಹಾಡುವ ಏರ್ಪಾಡಾಯಿತು. ಎರಡು ವರ್ಷಗಳ ನಂತರ, 1880ರ ಡಿಸೆಂಬರ್ 24ರ ರಾತ್ರಿ, ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್ ಹಾಡುಗಳ ನಡುವೆ ಬೈಬಲಿನ ಒಂಬತ್ತು ಪಾಠಗಳನ್ನು ಪೋಣಿಸಿದರು. ಕೆಥೀಡ್ರಲ್ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಆರಾಧನೆ ನಡೆದದ್ದು ತಾತ್ಕಾಲಿಕವಾದ ಮರದ ಕಟ್ಟಡದಲ್ಲಿ. ಹಬ್ಬದ ರಾತ್ರಿ ಜನ ಹೆಂಡದಂಗಡಿಗೆ ಹೋಗದಿರಲೆಂದು ಈ ಉಪಾಯ ಹೂಡಿದರೆಂಬ ಮಾತೂ ಚಾಲ್ತಿಯಲ್ಲಿದೆ.

ಬೆನ್ಸನ್ನರ ಜಾಣ್ಮೆ ಇದ್ದದ್ದು ಹಾಡಿನ ಆಯ್ಕೆಯಲ್ಲಲ್ಲ, ಓದುವವರ ಸಾಲಿನಲ್ಲಿ. ಮೊದಲ ಪಾಠ ಗಾಯಕವೃಂದದ ಪುಟ್ಟ ಹುಡುಗನಿಗೆ. ಅಲ್ಲಿಂದ ಒಂದೊಂದೇ ಮೆಟ್ಟಿಲೇರಿ ಕೊನೆಯದು ಬಿಷಪ್ಪರಿಗೆ. ಚರ್ಚಿನ ಅಧಿಕಾರದ ಏಣಿಯಲ್ಲಿ ತೀರ ಕೆಳಗಿನವನಿಗೆ ಮೊದಲ ಮಾತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದೇನು ಸಣ್ಣ ಸಂಗತಿಯೇ?

ಈ ಕ್ರಮಕ್ಕೆ ಲೋಕಖ್ಯಾತಿ ಬಂದದ್ದು ಕೇಂಬ್ರಿಜ್‌ನಿಂದ. ಮೊದಲ ಮಹಾಯುದ್ಧ 1918ರ ನವೆಂಬರ್ 11ರಂದು ನಿಂತಿತು. ಅದೇ ಕ್ರಿಸ್‌ಮಸ್‌ಗೆ ಕಿಂಗ್ಸ್ ಕಾಲೇಜಿನ ಡೀನ್ ಎರಿಕ್ ಮಿಲ್ನರ್-ವೈಟ್ ಇದನ್ನು ಅಲ್ಲಿ ಆರಂಭಿಸಿದರು. ಸೈನ್ಯದಲ್ಲಿ ಪಾದ್ರಿಯಾಗಿದ್ದು ಸಾವುಗಳನ್ನು ಕಣ್ಣಾರೆ ಕಂಡು ಬಂದವರು ಅವರು. ಕಾಲೇಜಿನ ಎಷ್ಟೋ ತರುಣರು ಮರಳಿರಲಿಲ್ಲ. ಹೀಗಾಗಿ ಅವರು ಬರೆದ ಆರಂಭದ ಪ್ರಾರ್ಥನೆ ಬಡವರನ್ನು, ಹಸಿದವರನ್ನು, ರೋಗಿಗಳನ್ನು, ಒಂಟಿಯಾದವರನ್ನು ನೆನೆದು, ತೀರಿಹೋದವರನ್ನೂ ಹಬ್ಬಕ್ಕೆ ಕರೆಯುತ್ತದೆ. 1928ರಲ್ಲಿ ಬಿಬಿಸಿ ಇದನ್ನು ರೇಡಿಯೋದಲ್ಲಿ ಬಿತ್ತರಿಸಿತು. 1930 ಒಂದನ್ನು ಬಿಟ್ಟರೆ ಈ ಬಿತ್ತರ ತಪ್ಪಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಚಾಪೆಲಿನ ಬಣ್ಣದ ಗಾಜುಗಳನ್ನು ಕಳಚಿ ಬೇರೆಡೆ ಇಟ್ಟಿದ್ದಾಗಲೂ ಹಾಡು ನಿಲ್ಲಲಿಲ್ಲ.

ಕನ್ನಡನಾಡಿನಲ್ಲಿ ಇದಕ್ಕೆ ಮೊದಲೇ ನೆಲ ಹದವಾಗಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ನಿಘಂಟಿನ ಕಿಟೆಲ್ಲರು ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ಯನ್ನು ಹೊರತಂದದ್ದು 1862ರಲ್ಲಿ, ಟ್ರೂರೋದ ಆರಾಧನೆಗಿಂತ 18 ವರ್ಷ ಮುಂಚೆ. ಇಂಗ್ಲಿಷ್ ರಾಗಕ್ಕೆ ಕನ್ನಡ ಪದಗಳನ್ನು ತುರುಕಿ ಹಾಡುವ ತಂಡಗಳು ಈ ಪುಸ್ತಕವನ್ನು ಒಮ್ಮೆ ಬಿಚ್ಚಿ ನೋಡಬಾರದೇಕೆ?

ಇಲ್ಲಿಯ ದೊಡ್ಡ ತೊಡಕೆಂದರೆ ಆರಾಧನೆ ಕಛೇರಿಯಾಗುವುದು. ಗಾಯಕರಿಗೆ ವಾರಗಟ್ಟಲೆ ಅಭ್ಯಾಸ. ಓದುವವರಿಗೆ ಚೀಟಿ ಸಿಗುವುದು ಹಿಂದಿನ ಸಂಜೆ. ಆದಿಕಾಂಡದಿಂದ ಯೋಹಾನನವರೆಗಿನ ಕಥೆಯ ಎಳೆ ಅಲ್ಲೇ ಕಡಿಯುತ್ತದೆ. ಗಣ್ಯರಿಗೇ ಒಂಬತ್ತು ಪಾಠಗಳನ್ನೂ ಹಂಚಿಬಿಟ್ಟರೆ ಬೆನ್ಸನ್ನರ ಏಣಿಗೆ ಕೆಳಗಿನ ಮೆಟ್ಟಿಲೇ ಇರುವುದಿಲ್ಲ. ಭಾನುವಾರ ಶಾಲೆಯ ಹುಡುಗಿ, ಯುವಕ ಸಂಘದವನು, ಸ್ತ್ರೀ ಸಮಾಜದವಳು, ಚರ್ಚಿನ ಗಂಟೆ ಹೊಡೆಯುವವನು, ಕಡೆಗೆ ಸಭಾಪಾಲಕರು: ಸಣ್ಣ ಸಭೆಯಲ್ಲೂ ಒಂಬತ್ತು ಜನ ಸಿಗುತ್ತಾರೆ.

ಇನ್ನು ಮನೆಮನೆಯ ಕ್ಯಾರಲ್. ಟ್ರೂರೋದವರು ಬೀದಿಯ ಹಾಡನ್ನು ಒಳಗೆ ತಂದರು. ಇಲ್ಲಿಯ ತಂಡಗಳು ಅದನ್ನು ಮತ್ತೆ ಹೊರಗೆ ಒಯ್ಯುತ್ತವೆ. ಗಿಟಾರು, ಡೋಲು, ನಡುವೆ ಒಬ್ಬ ಕ್ರಿಸ್‌ಮಸ್ ತಾತ. ಕೇಕು, ಕಾಫಿ ಸಿಗುವ ಮನೆಗಳ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಚರ್ಚಿಗೆ ಬರಲಾಗದೆ ಹಾಸಿಗೆ ಹಿಡಿದವರ ಪಟ್ಟಿಯನ್ನು ಮಾತ್ರ ಯಾರಾದರೂ ಕೂತು ಬರೆಯಬೇಕು, ಅದೂ ಡಿಸೆಂಬರ್ ಮೊದಲ ವಾರದಲ್ಲೇ. ಅವರ ಮನೆಗಳಲ್ಲಿ ದೀಪ ಬೇಗ ಆರುತ್ತದೆ. ಅಲ್ಲಿಗೆ ಸಂಜೆ ಏಳರೊಳಗೆ ಹೋಗಬೇಕು.