ಬ್ಯಾಂಕ್: ಒಂದು ಪದದ ಸುತ್ತ
(ನಮ್ಮ ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣ)



ಊಟದ ಘಮ ಆಗಲೇ ಬರುತ್ತಿದೆ. ಹಾಗಾಗಿ ಒಂದೇ ಒಂದು ಪದದ ಬಗ್ಗೆ ಮಾತಾಡಿ ಮುಗಿಸುತ್ತೇವೆ. ಆ ಪದ "ಬ್ಯಾಂಕ್".

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮಗುವೊಂದು ಇಂಗ್ಲಿಷಿನಿಂದ ಅನುವಾದ ಮಾಡುತ್ತಾ "ದೋಣಿ ಬ್ಯಾಂಕಿನ ಹತ್ತಿರ ನಿಂತಿದೆ" ಎಂದು ಬರೆದಿತ್ತು. ಎಲ್ಲರೂ ನಕ್ಕೆವು. ಮನೆಗೆ ಬಂದು ನಿಘಂಟು ತೆಗೆದರೆ, ಮಗುವಿನದು ಅಂಥ ದೊಡ್ಡ ತಪ್ಪೇನಲ್ಲ! ನದಿಯ ದಡ, ಹಣದ ಬ್ಯಾಂಕು, ನಾವು ಶಾಲೆಯಲ್ಲಿ ಕೂತ ಬೆಂಚು, ಮೂರೂ ಹಳೆಯ ಜರ್ಮಾನಿಕ್ ಮೂಲದ ದಾಯಾದಿಗಳು. ಹಣದ ಅರ್ಥ ಮಾತ್ರ ಇಟಲಿ ಸುತ್ತಿಕೊಂಡು ಬಂತು. ಅಲ್ಲಿ ನಾಣ್ಯ ವಿನಿಮಯ ಮಾಡುವವರ ಬೆಂಚಿಗೆ "ಬಾಂಕಾ" ಎನ್ನುತ್ತಿದ್ದರು. "ಬಾಂಕಾ ರೊಟ್ಟಾ", ಅಂದರೆ ಮುರಿದ ಬೆಂಚು, ಇಂಗ್ಲಿಷಿನಲ್ಲಿ ಬ್ಯಾಂಕ್ರಪ್ಟ್ ಆಯಿತು. ವಿಮಾನ ತಿರುಗುವಾಗ ಒಂದು ಪಕ್ಕಕ್ಕೆ ವಾಲುವುದೂ ಬ್ಯಾಂಕ್. ಒಬ್ಬರನ್ನು ನೆಚ್ಚಿಕೊಳ್ಳುವುದು ಬ್ಯಾಂಕ್ ಆನ್.

ನಮ್ಮ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ, 1928ರಲ್ಲೇ ಪಿಗ್ಮಿ ಯೋಜನೆ ತಂದಿತು. ಮನೆ ಬಾಗಿಲಿಗೇ ಬಂದು ದಿನಕ್ಕೆ 2 ಆಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸುತ್ತಿದ್ದರು.

ಇಲ್ಲಿ ಅಮೆರಿಕದಲ್ಲಿ ಪದ ಇನ್ನೂ ಬೆಳೆಯಿತು. 1937ರಲ್ಲಿ ಶಿಕಾಗೋದ ಡಾ. ಬರ್ನಾರ್ಡ್ ಫ್ಯಾಂಟಸ್ ಅವರು ಆಸ್ಪತ್ರೆಯ ರಕ್ತ ಸಂಗ್ರಹಕ್ಕೆ "ಬ್ಲಡ್ ಬ್ಯಾಂಕ್" ಎಂದು ಹೆಸರಿಟ್ಟರು. 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಮೊದಲ ಫುಡ್ ಬ್ಯಾಂಕ್ ಶುರು ಮಾಡಿದರು. ಇದ್ದವರು ಇಡಲಿ, ಬೇಕಾದವರು ತೆಗೆಯಲಿ ಎಂಬುದೇ ಅದರ ತತ್ತ್ವ.

2020ರ ಕೊರೋನಾ ಕಾಲದಲ್ಲಿ ನಾವು ಕೆಲವರು ಇಲ್ಲಿನ ಫುಡ್ ಬ್ಯಾಂಕಿಗೆ ಸ್ವಯಂಸೇವೆಗೆ ಹೋಗಿದ್ದೆವು. ಸಾಲಿನಲ್ಲಿ ಒಂದು ಪರಿಚಿತ ಕನ್ನಡದ ಮುಖ ಕಂಡಿತು. ಕೆಲಸ ಹೋಗಿತ್ತಂತೆ. ಅವರು ತಲೆ ತಗ್ಗಿಸಿದರು. ನಾವೂ ನೋಡದವರಂತೆ ಅತ್ತ ತಿರುಗಿಬಿಟ್ಟೆವು. ಹಿಂದಿನ ವರ್ಷ ಇದೇ ಸಭಾಂಗಣದಲ್ಲಿ ಅವರೂ ಚೆಕ್ ಬರೆದವರೇ. ತಮ್ಮ ಖಾತೆಯಿಂದ ಹಣ ತೆಗೆಯಲು ಯಾರಾದರೂ ನಾಚುತ್ತಾರೆಯೇ? ಅಂದು ನಾಚಬೇಕಾದವರು ನಾವು.

ಆದ್ದರಿಂದ ಇಂದು ನೀವು ಕೊಡುವುದನ್ನು ದಾನ ಎನ್ನಬೇಡಿ, ಡಿಪಾಸಿಟ್ ಎನ್ನಿ. 10 ಡಾಲರ್ ಆದರೂ ಸರಿ, ನಮ್ಮದು ಪಿಗ್ಮಿ ಪರಂಪರೆ! ನಾಳೆ ನಮ್ಮಲ್ಲಿ ಯಾರಿಗೆ ಬೇಕಾಗುತ್ತದೋ ಬಲ್ಲವರಾರು? ಬರುವವರು ತಲೆ ಎತ್ತಿಕೊಂಡೇ ಬರಲಿ.

 ಇನ್ನು ಊಟಕ್ಕೆ ಏಳೋಣ.