ಜಟ್ಟಿಯ ಬಲ, ಸಂಸಾರಿಯ ಬಲ



 ದೇಹಬಲವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನಮ್ಮದು ಗರಡಿಮನೆಗಳ ಸೀಮೆ. ಜಾತ್ರೆ ಬಂತೆಂದರೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ಓಟದಲ್ಲಿಯೂ ನಮ್ಮವರು ಹಿಂದೆ ಬಿದ್ದವರಲ್ಲ. ಬೆಳಗಾವಿಯ ಫಡೆಪ್ಪ ಚೌಗುಲೆ ಅವರು 1920ರಲ್ಲಿ ಆಂಟ್ವರ್ಪ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಆ ಓಟದ ದೂರ 42 ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಮರಳಿದಷ್ಟು. ಇಂಥ ಸಾಧಕರು ನಮಗೆ ಹೆಮ್ಮೆ ತಂದವರು.

ಆದರೆ ಆರೋಗ್ಯವಂತರಾಗಲು ನಾವೆಲ್ಲರೂ ಜಟ್ಟಿಗಳೇ ಆಗಬೇಕೆ? ಇಲ್ಲ. ಕ್ರೀಡಾಪಟುವಿನ ಸಾಧನೆ ಒಂದು ಸ್ಪರ್ಧೆಗಾಗಿ, ಆಯುಷ್ಯದ ಕೆಲವೇ ವರ್ಷಗಳಿಗಾಗಿ. ಅದಕ್ಕಾಗಿ ಆತನು ದೇಹವನ್ನು ಅದರ ಮಿತಿಯವರೆಗೆ ದುಡಿಸುತ್ತಾನೆ, ಪೆಟ್ಟುಗಳನ್ನೂ ಸಹಿಸುತ್ತಾನೆ. ಸಂಸಾರಿಗೆ ಬೇಕಾದುದು ಬೇರೆ. ಅರವತ್ತರಲ್ಲಿಯೂ ಹೊಲಕ್ಕೆ ನಡೆದು ಹೋಗುವ ಕಾಲು, ಸುಖವಾಗಿ ಹೆತ್ತು ಹಾಲೂಡಿಸುವ ಶಕ್ತಿ, ಹತೋಟಿಯಲ್ಲಿರುವ ರಕ್ತದೊತ್ತಡ ಮತ್ತು ಸಕ್ಕರೆ, ಇವೇ ಅವನ ಹಾಗೂ ಅವಳ ಪದಕಗಳು.

ಇದಕ್ಕೆ ಬೇಕಾದ ಶ್ರಮ ಮಿತವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದಂತೆ, ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ಶ್ರಮ ಮಾಡಬೇಕು. ಎಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ. ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅದೇ ಅಳತೆ. ವಾರಕ್ಕೆ ಎರಡು ದಿನವಾದರೂ ಮೈಯ ಸ್ನಾಯುಗಳಿಗೆ ಬಲ ಕೊಡುವ ಕೆಲಸವೂ ಇರಲಿ. ಹೊಲದ ದುಡಿಮೆ, ಮನೆಗೆಲಸ ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ಉಳುಮೆಯನ್ನು ಟ್ರ್ಯಾಕ್ಟರು, ನಡಿಗೆಯನ್ನು ಮೋಟರ್ ಸೈಕಲ್ಲು ವಹಿಸಿಕೊಂಡಿರುವ ಮನೆಗಳಲ್ಲಿ ಗಂಡಸರು ತಮ್ಮ ದಿನದ ಶ್ರಮವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಅನೇಕ ಗೃಹಿಣಿಯರಿಗೆ ಶ್ರಮದ ಕೊರತೆಯಿಲ್ಲ. ಕೊರತೆ ಇರುವುದು ಅನ್ನಕ್ಕೆ ಮತ್ತು ವಿಶ್ರಾಂತಿಗೆ. ದುಡಿಮೆಗೆ ತಕ್ಕ ಆಹಾರ ದೊರೆಯದಿದ್ದರೆ ತರಬೇತಿ ಪಡೆದ ಓಟಗಾರ್ತಿಯರಲ್ಲಿಯೂ ಮುಟ್ಟು ಏರುಪೇರಾಗುತ್ತದೆ, ಎಲುಬು ಸವೆಯುತ್ತದೆ. ಹಾಗಿರುವಾಗ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ತಾಯಿಯ ಗತಿಯೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ನೂರು ಭಾರತೀಯ ಸ್ತ್ರೀಯರಲ್ಲಿ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಆದ್ದರಿಂದ ಗಂಡ ಹೆಂಡಿರು ಜೊತೆಯಲ್ಲಿ ಕುಳಿತು ಉಣ್ಣಿರಿ. ರೊಟ್ಟಿಯ ಜೊತೆಗೆ ಕಾಳು, ಸೊಪ್ಪು ಇರಲಿ. ಗರ್ಭಿಣಿಯು ಕಬ್ಬಿಣಾಂಶದ ಗುಳಿಗೆಗಳನ್ನು 180 ದಿನ ತಪ್ಪದೆ ಸೇವಿಸಲಿ. ವೈದ್ಯರ ಸಲಹೆಯಂತೆ ನಡೆದಾಡಲಿ, ಭಾರ ಹೊರುವುದು ಬೇಡ.

ಇನ್ನು ತರುಣ ಪತಿಗಳಿಗೆ ಒಂದು ಮಾತು, ಸಂಕೋಚವಿಲ್ಲದೆ ಹೇಳುತ್ತೇನೆ. ಬೇಗನೆ ಮೈಕಟ್ಟು ಬರಲೆಂದು ಕೆಲವರು ಸ್ಟೆರಾಯ್ಡ್ ಎಂಬ ಹಾರ್ಮೋನು ಚುಚ್ಚುಮದ್ದುಗಳನ್ನು ಕದ್ದುಮುಚ್ಚಿ ತೆಗೆದುಕೊಳ್ಳುತ್ತಾರೆ. ಹೊರಗಿನಿಂದ ಗಂಡು ಹಾರ್ಮೋನು ಬಂದಾಗ ದೇಹವು ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣುಗಳು ಕುಂದುತ್ತವೆ, ಕೆಲವರಲ್ಲಿ ಇಲ್ಲವೇ ಆಗುತ್ತವೆ. ತೋಳು ದಪ್ಪವಾದರೂ ತೊಟ್ಟಿಲು ಬರಿದಾಗುತ್ತದೆ. ಹೃದಯಕ್ಕೂ ಯಕೃತ್ತಿಗೂ ಅಪಾಯ. ಮದ್ದನ್ನು ಬಿಟ್ಟ ಮೇಲೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆ, ಆದರೆ ತಿಂಗಳುಗಳೇ ಹಿಡಿಯುತ್ತವೆ. ಕೆಲವರಲ್ಲಿ ಮೊದಲಿನ ಸ್ಥಿತಿ ಮರಳದು. ಇಂಥ ಮನೆಯಲ್ಲಿ ಬಂಜೆಯೆಂಬ ನಿಂದೆ ಮಾತ್ರ ನಿರಪರಾಧಿಯಾದ ಹೆಂಡತಿಯ ಮೇಲೆ ಬೀಳುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಆದುದರಿಂದ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಬರಬೇಕು. ಯಾವ ಚುಚ್ಚುಮದ್ದು ತೆಗೆದುಕೊಂಡಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಮೂವತ್ತು ದಾಟಿದವರು ಸಮೀಪದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ತೋರಿಸಿಕೊಳ್ಳಿ. ಮೈ ಗಟ್ಟಿಯಿದೆಯೆಂದು ಉದಾಸೀನ ಮಾಡಬೇಡಿ. ರಕ್ತದೊತ್ತಡ ಹೊರಗೆ ಕಾಣುವ ರೋಗವಲ್ಲ.

ಸಂಸಾರವೆಂಬುದು ಜೋಡೆತ್ತಿನ ಬಂಡಿ. ಒಂದು ಕೊಬ್ಬಿ ಇನ್ನೊಂದು ಸೊರಗಿದರೆ ಬಂಡಿ ನೆಟ್ಟಗೆ ಸಾಗದು. ಇಂದು ಸಂಜೆಯೇ ಇಬ್ಬರೂ ಕೂಡಿ ಅರ್ಧ ಗಂಟೆ ನಡೆಯಲು ಆರಂಭಿಸಿರಿ.